ಗಾಜಿನ ಮನೆಯ ರೋಗಿಗಳು

ನಮ್ಮ ನಡುಮನೆಯಲ್ಲಿ ಕಿಟಕಿಯಿಂದ ತುಸು ದೂರದಲ್ಲಿ ಒಂದು ಗಾಜಿನ ತೊಟ್ಟಿಯುಂಟು. ಮನೆಗೆ ಬಂದವರು ಕುಶಲ ಪ್ರಶ್ನೆಗೂ ಮೊದಲು ಅದರ ಮುಂದೆ ಎರಡು ನಿಮಿಷ ನಿಂತು, ಬೆರಳಿನಿಂದ ಗಾಜನ್ನು ತಟ್ಟಿ (ತಟ್ಟಬಾರದೆಂದು ಎಷ್ಟು ಹೇಳಿದರೂ ತಟ್ಟಿಯೇ ತೀರುತ್ತಾರೆ!), ಅನಂತರವೇ ಕುರ್ಚಿಯ ಕಡೆಗೆ ತಿರುಗುವುದು ವಾಡಿಕೆ. ಆರು ಕಪ್ಪು ಟೆಟ್ರಾ, ನಾಲ್ಕು ಪ್ಲಾಟಿ, ಎರಡು ಏಂಜಲ್, ಒಂದು ನೀಲಿ ಗೌರಾಮಿ, ಹೀಗೆ ಹದಿಮೂರು ಮೀನುಗಳು ಅದರಲ್ಲಿ ಮೂರು ವರ್ಷಗಳ ಕಾಲ ಯಾವ ತಂಟೆ ತಕರಾರೂ ಇಲ್ಲದೆ ಸಂಸಾರ ನಡೆಸಿಕೊಂಡಿದ್ದವು. ಅವುಗಳಿಗೆ ಹೆಸರಿಟ್ಟವಳು ನಮ್ಮ ಮಗಳು. ಅವಳಿಗೆ ಆಗ ಹತ್ತು ವರ್ಷ.

ಅವಳ ಹುಟ್ಟುಹಬ್ಬಕ್ಕೆ ಅಜ್ಜಿ ಕೊಟ್ಟ ಹಣವನ್ನು ಹಿಡಿದುಕೊಂಡು ಒಂದು ಸೋಮವಾರ ಸಂಜೆ ಅಂಗಡಿಗೆ ಹೋದೆವು. ಕಿತ್ತಳೆ ಮೈಯ ಮೇಲೆ ಅಗಲವಾದ ಕಪ್ಪು ಪಟ್ಟೆಗಳಿರುವ ಕ್ಲೌನ್ ಲೋಚ್ ಎಂಬ ಎರಡು ಮೀನುಗಳು ಅವಳ ಮನಸ್ಸನ್ನು ಸೆಳೆದುವು. ಮನೆಗೆ ತಂದು, ಪ್ಲಾಸ್ಟಿಕ್ ಚೀಲದ ಬಾಯಿ ಬಿಚ್ಚಿ, ಮೀನನ್ನೂ ಚೀಲದ ನೀರನ್ನೂ ಒಟ್ಟಾಗಿ ತೊಟ್ಟಿಗೆ ಸುರಿದೆ. ಆ ರಾತ್ರಿ ಮಗಳು ಊಟವನ್ನೂ ಅದರ ಮುಂದೆಯೇ ಮಾಡಿದಳು.

ಶುಕ್ರವಾರ ಬೆಳಗ್ಗೆ ಲೋಚ್ ಮೀನಿನ ಬಾಲದ ಮೇಲೆ ಉಪ್ಪಿಟ್ಟಿನ ರವೆ ಉದುರಿದಂತೆ ನಾಲ್ಕು ಬಿಳಿಯ ಕಣಗಳು ಕಂಡುವು. ಶನಿವಾರ ಟೆಟ್ರಾಗಳ ಮೈಮೇಲೂ ಅದೇ ರವೆ. ಅಂಗಡಿಗೆ ಓಡಿದೆ. ಒಂದು ನೀಲಿ ಸೀಸೆ, ಒಂದು ಹಸಿರು ಸೀಸೆ, ಒಂದು ಹಳದಿ ಪುಡಿ ಕೊಟ್ಟರು. ಯಾವುದನ್ನು ಹಾಕಬೇಕೆಂದು ತಿಳಿಯದ ನಾನು ಮೂರನ್ನೂ ಹಾಕಿದೆ. ಸೋಮವಾರದ ಹೊತ್ತಿಗೆ ಚುಕ್ಕೆಗಳು ಮಾಯವಾದುವು. ಮನೆಯಲ್ಲಿ ಸಿಹಿ ಮಾಡುವುದೊಂದು ಬಾಕಿ! ಬುಧವಾರ ಬೆಳಗಾಗುವುದರೊಳಗೆ ಮೀನುಗಳೆಲ್ಲ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುತ್ತಿದ್ದುವು. ನಾಲ್ಕು ಪ್ಲಾಟಿಗಳೂ ತಳದಲ್ಲಿ ಬಿದ್ದಿದ್ದುವು. ಉಳಿದವುಗಳ ಮೈಮೇಲೆ ಈ ಸಲ ರವೆಯಲ್ಲ, ಸಕ್ಕರೆಯಲ್ಲಿ ಹೊರಳಾಡಿಸಿದಂತಿತ್ತು. ಗುರುವಾರದ ಸಂಜೆಗೆ ಹದಿನೈದು ಮೀನುಗಳಲ್ಲಿ ಐದು ಮಾತ್ರ ಜೀವದಿಂದಿದ್ದುವು.

“ನಾನು ಕೇಳಿದ್ದಕ್ಕೇ ಅಲ್ಲವೆ ಅಪ್ಪ ಅವನ್ನು ತಂದದ್ದು?” ಎಂದಳು ಮಗಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪು ಅವಳದಲ್ಲವೆಂದು ಹೇಳುವುದು ಸುಲಭ; ಯಾವುದು ತಪ್ಪು ಎಂಬುದನ್ನು ತಿಳಿಸದಿದ್ದರೆ ಮಕ್ಕಳು ಅಂತಹ ಸಮಾಧಾನವನ್ನು ನಂಬುವುದಿಲ್ಲ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಮೀನುಗಾರಿಕೆಯ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರನ್ನು ಕರೆತಂದೆ. ಬಂದವರು ಮೀನನ್ನು ನೋಡಲೇ ಇಲ್ಲ. “ಇದರಲ್ಲಿ ನೀರೆಷ್ಟಿದೆ?” ಎಂದು ಕೇಳಿದರು.

“ನೂರು ಲೀಟರಿನ ತೊಟ್ಟಿಯೆಂದು ಕೊಟ್ಟಿದ್ದಾರೆ.”

“ತೊಟ್ಟಿಯ ಮಾತಲ್ಲ. ನೀರು ಎಷ್ಟಿದೆ?”

ಅವರೇ ಒಂದು ಅಳತೆಯ ಪಟ್ಟಿಯನ್ನು ತರಿಸಿ ಮಗಳ ಕೈಗೆ ಕೊಟ್ಟರು. ಉದ್ದ ೭೫ ಸೆಂಟಿಮೀಟರು, ಅಗಲ ೩೦, ನೀರಿನ ಎತ್ತರ ೩೪. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ೭೬.೫ ಲೀಟರು. ಅದರಲ್ಲಿ ಮರಳು, ಕಲ್ಲುಗಳು ಆಕ್ರಮಿಸಿಕೊಂಡ ಜಾಗವನ್ನು ಕಳೆದರೆ ಹೆಚ್ಚುಕಡಿಮೆ ಎಪ್ಪತ್ತು. ನೂರು ಲೀಟರಿಗೆಂದು ಲೆಕ್ಕ ಹಾಕಿದ ಔಷಧವನ್ನು, ಅದೂ ಮೂರು ಬಗೆಯದನ್ನು, ನಾನು ಎಪ್ಪತ್ತು ಲೀಟರಿಗೆ ಸುರಿದಿದ್ದೆ.

ನೀರನ್ನು ಮೊದಲು ನೋಡಿ

ಮೀನು ಸಾಕುವವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಇದೇ. ಮೀನು ಸಪ್ಪಗಾದ ಕೂಡಲೆ ಔಷಧದ ಸೀಸೆಗೆ ಕೈ ಹೋಗುತ್ತದೆ. ಆದರೆ ಮೀನು ತಾನು ಉಸಿರಾಡುವ ನೀರಿನಲ್ಲಿಯೇ ಮಲಮೂತ್ರಗಳನ್ನೂ ಬಿಡಬೇಕಾದ ಪ್ರಾಣಿ. ಅದರ ಕಿವಿರುಗಳಿಂದ ಹಗಲಿರುಳೂ ಅಮೋನಿಯಾ ಹೊರಬೀಳುತ್ತಿರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಅಮೋನಿಯಾ. ಲೀಟರಿಗೆ ಒಂದು ಮಿಲಿಗ್ರಾಮಿಗಿಂತ ಕಡಿಮೆಯಾದರೂ, ಕ್ಷಾರಗುಣದ ನೀರಿನಲ್ಲಿ ಅದು ಕಿವಿರುಗಳನ್ನು ಸುಡಬಲ್ಲುದು. ನಮ್ಮ ನಗರಗಳ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸಾಗಿಯೂ ಕ್ಷಾರೀಯವಾಗಿಯೂ ಇರುವುದರಿಂದ ಇಲ್ಲಿ ಎಚ್ಚರ ಹೆಚ್ಚಾಗಿಯೇ ಬೇಕು.

ಹಾಗಾದರೆ ತೊಟ್ಟಿಯ ಮೀನುಗಳು ಬದುಕುವುದು ಹೇಗೆ? ಶೋಧಕದ ಸ್ಪಂಜಿನಲ್ಲಿ, ಕಲ್ಲುಮರಳಿನ ಮೇಲೆ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ನೆಲಸಿ, ಒಂದು ಪಂಗಡ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಇನ್ನೊಂದು ಪಂಗಡ ಅದನ್ನು ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಪೌರಕಾರ್ಮಿಕರ ವಸಾಹತು ಸ್ಥಾಪನೆಯಾಗಲು ನಾಲ್ಕರಿಂದ ಆರು ವಾರಗಳು ಬೇಕು. ಕೊಲ್ಲಲು ಮಾತ್ರ ಒಂದು ರಾತ್ರಿ ಸಾಕು. ನನ್ನ ನೀಲಿ ಸೀಸೆಯಲ್ಲಿದ್ದುದು ಮೆಥಿಲೀನ್ ಬ್ಲೂ. ಬೂಷ್ಟು ಹಿಡಿಯುವ ಮೀನಿನ ಮೊಟ್ಟೆಗಳಿಗೂ, ನೈಟ್ರೈಟ್ ವಿಷವೇರಿದ ಮೀನುಗಳಿಗೂ ಅದು ಒಳ್ಳೆಯ ಮದ್ದೇ ಸರಿ. ಆದರೆ ಶೋಧಕದ ಬ್ಯಾಕ್ಟೀರಿಯಾಗಳ ಮೇಲೂ ಅದರ ಪ್ರಭಾವ ಬೀಳುತ್ತದೆ. ಬುಧವಾರದ ಬೆಳಗ್ಗೆ ನಮ್ಮ ಮೀನುಗಳೆಲ್ಲ ಏಕಕಾಲದಲ್ಲಿ ಮೇಲಕ್ಕೆ ಬಂದದ್ದು ರೋಗದಿಂದಷ್ಟೇ ಅಲ್ಲ. ಹಿರಿಯರು ತೊಟ್ಟಿಕ್ಕುವ ದ್ರಾವಣದಿಂದ ಪರೀಕ್ಷಿಸಿದಾಗ ಹಳದಿಯಾಗಿ ಉಳಿಯಬೇಕಾದ ನೀರು ಕಡುಹಸಿರಾಯಿತು. ಅಮೋನಿಯಾ!

ಅವರು ಹೇಳಿದ ಒಂದು ಗುರುತನ್ನು ಎಲ್ಲರೂ ನೆನಪಿನಲ್ಲಿಡಬಹುದು. ಒಂದೇ ಒಂದು ಮೀನು ಸೊರಗಿದರೆ ರೋಗವನ್ನು ಶಂಕಿಸಿ. ಎಲ್ಲವೂ ಒಮ್ಮೆಗೇ ಬಾಯಿಬಿಟ್ಟರೆ ಮೊದಲು ನೀರನ್ನು ಶಂಕಿಸಿ. ನೀರಿನ ದೋಷವಾಗಿದ್ದರೆ ಮೀನನ್ನು ಬೇರೆ ತೊಟ್ಟಿಗೆ ಸಾಗಿಸುವುದೂ ಬೇಡ, ಮದ್ದೂ ಬೇಡ. ಮೂರರಲ್ಲೊಂದು ಭಾಗ ನೀರನ್ನು ತೆಗೆದು, ಕ್ಲೋರಿನ್ ಕಳೆದ, ಅದೇ ಬಿಸುಪಿನ ನೀರನ್ನು ಹಾಕುವುದೇ ಚಿಕಿತ್ಸೆ. ನಲ್ಲಿಯ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ. ಅವಸರವಿದ್ದರೆ, ಹಿಂದೆ ಫೋಟೋ ತೊಳೆಯುವವರು ‘ಹೈಪೋ’ ಎಂದು ಕರೆಯುತ್ತಿದ್ದ ಸೋಡಿಯಂ ಥಯೋಸಲ್ಫೇಟಿನ ದ್ರಾವಣ ಅಂಗಡಿಗಳಲ್ಲಿ ಸಿಗುತ್ತದೆ.

ರವೆಯ ರಹಸ್ಯ

ಇನ್ನು ಆ ಬಿಳಿಯ ಚುಕ್ಕೆಗಳ ವಿಚಾರ. ಅದು ಏಕಕೋಶದ ಪರೋಪಜೀವಿಯೊಂದರ ಕೆಲಸ. ೧೮೭೬ರಲ್ಲಿ ಫೂಕೆ ಎಂಬ ಫ್ರೆಂಚ್ ವಿದ್ವಾಂಸ ಅದಕ್ಕೆ ಇಕ್ತಿಯಾಫ್ತಿರಿಯಸ್ ಮಲ್ಟಿಫಿಲೀಸ್ ಎಂದು ನಾಮಕರಣ ಮಾಡಿದ. ಉಚ್ಚರಿಸಲು ನಾಲಿಗೆ ತೊಡರುವ ಈ ಹೆಸರಿನ ಅರ್ಥ ‘ಬಹುಸಂತಾನದ ಮೀನುಹೇನು’ ಎಂದು. ಮೀನು ಸಾಕುವವರು ಚುಟುಕಾಗಿ ‘ಇಕ್’ ಎನ್ನುತ್ತಾರೆ. ವಿಚಿತ್ರವೆಂದರೆ, ಮೆಥಿಲೀನ್ ಬ್ಲೂ ಎಂಬ ಬಣ್ಣವನ್ನು ಜರ್ಮನಿಯ ಹೈನ್ರಿಕ್ ಕಾರೋ ತಯಾರಿಸಿದ್ದೂ ಅದೇ ೧೮೭೬ರಲ್ಲಿ. ರೋಗದ ಹೆಸರೂ ಅದರ ಮೇಲೆ ಜನ ಸುರಿಯಲಿದ್ದ ಬಣ್ಣವೂ ಅವಳಿಗಳಂತೆ ಒಂದೇ ವರ್ಷ ಹುಟ್ಟಿದುವು.

‘ಬಹುಸಂತಾನ’ ಎಂಬ ಮಾತಿನಲ್ಲಿಯೇ ಇದರ ಮರ್ಮವಡಗಿದೆ. ನಮಗೆ ಕಾಣುವ ಬಿಳಿಯ ಚುಕ್ಕೆ ಮೀನಿನ ಹೊರಚರ್ಮದ ಅಡಿಯಲ್ಲಿ ಹುದುಗಿಕೊಂಡು ತಿಂದು ಕೊಬ್ಬುತ್ತಿರುವ ಒಂದು ಜೀವಿ. ಅದು ಚರ್ಮದ ಮರೆಯಲ್ಲಿರುವಷ್ಟು ಕಾಲ ನೀರಿಗೆ ಹಾಕಿದ ಯಾವ ಸಾಮಾನ್ಯ ಮದ್ದೂ ಅದನ್ನು ಮುಟ್ಟಲಾರದು. ಬಲಿತ ಮೇಲೆ ಅದು ಮೀನನ್ನು ಬಿಟ್ಟು ಕೆಳಕ್ಕೆ ಬಿದ್ದು, ಕಲ್ಲಿಗೋ ಗಿಡದ ಎಲೆಗೋ ಅಂಟಿಕೊಂಡು, ಸುತ್ತ ಒಂದು ಕೋಶವನ್ನು ಕಟ್ಟಿಕೊಳ್ಳುತ್ತದೆ. ಅದರೊಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ನೂರಾರು ಮರಿಗಳಾಗುತ್ತವೆ. ಕೋಶ ಒಡೆದು ಈ ಮರಿಗಳು ಈಜುತ್ತ ಹೊಸ ಮೀನನ್ನು ಹುಡುಕುತ್ತವೆ. ಒಂದೆರಡು ದಿನಗಳೊಳಗೆ ಮೀನು ಸಿಕ್ಕದಿದ್ದರೆ ಸಾಯುತ್ತವೆ. ಔಷಧಕ್ಕೆ ಸಿಕ್ಕುವುದು ಈಜುವ ಈ ಘಟ್ಟದಲ್ಲಿ ಮಾತ್ರ.

ಚುಕ್ಕೆಗಳು ಮಾಯವಾದುವೆಂದು ನಾನು ಹಿಗ್ಗಿದ ಸೋಮವಾರದಂದು ನಡೆದದ್ದೇನೆಂಬುದು ಈಗ ವಾಚಕರಿಗೆ ತಿಳಿದಿರಬೇಕು. ರೋಗ ವಾಸಿಯಾಗಿರಲಿಲ್ಲ. ಮರಿ ಹಾಕಲೆಂದು ತಳಕ್ಕೆ ಇಳಿದಿತ್ತು. ಸುಮಾರು ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನಲ್ಲಿ ಈ ಚಕ್ರ ಒಂದು ವಾರದೊಳಗೆ ಒಂದು ಸುತ್ತು ಮುಗಿಸುತ್ತದೆ. ನೀರು ತಣ್ಣಗಿದ್ದರೆ ವಾರಗಳೇ ಹಿಡಿಯಬಹುದು. ಆದುದರಿಂದಲೇ ಕೊನೆಯ ಚುಕ್ಕೆ ಮರೆಯಾದ ಮೇಲೂ ಒಂದು ವಾರಕ್ಕೆ ಕಡಿಮೆಯಿಲ್ಲದಂತೆ ಚಿಕಿತ್ಸೆಯನ್ನು ಮುಂದುವರಿಸಬೇಕು. ಚಳಿಗಾಲದಲ್ಲಿ ಇನ್ನೂ ಹೆಚ್ಚು. ಮೂರು ದಿನಕ್ಕೇ ಮದ್ದು ನಿಲ್ಲಿಸುವವರು ಅರ್ಧ ಬೆಂದ ಅನ್ನವನ್ನು ಇಳಿಸಿದಂತೆ.

ರೋಗಿಯನ್ನು ಮಾತ್ರ ಬೇರೆ ಮಾಡಿದರೆ ಸಾಲದೆ ಎಂದು ಕೇಳಬಹುದು. ಬಿಳಿ ಚುಕ್ಕೆಯ ವಿಷಯದಲ್ಲಿ ಸಾಲದು. ಮೊದಲ ಚುಕ್ಕೆ ಕಾಣುವ ಹೊತ್ತಿಗೆ ತೊಟ್ಟಿಯೆಲ್ಲ ಬಿತ್ತನೆಯಾಗಿರುತ್ತದೆ. ಎಲ್ಲ ಮೀನುಗಳಿಗೂ ಚಿಕಿತ್ಸೆಯಾಗಬೇಕು. ಇಲ್ಲವೆ ಎಲ್ಲವನ್ನೂ ಹೊರತೆಗೆದು ತೊಟ್ಟಿಯನ್ನು ಮೀನಿಲ್ಲದೆ ಬರಿದು ಬಿಡಬೇಕು. ಹಿರಿಯರು ಎರಡನೆಯ ದಾರಿಯನ್ನೇ ಆರಿಸಿಕೊಂಡರು. ನಮ್ಮ ತೊಟ್ಟಿಯಲ್ಲಿ ಗಿಡಗಳಿದ್ದುವು. ಉಪ್ಪು ಅವುಗಳಿಗೆ ಆಗದು.

ಬಟ್ಟೆಯ ತೊಟ್ಟಿಯೇ ಆಸ್ಪತ್ರೆ

ನಮ್ಮ ಬಳಿ ಎರಡನೆಯ ಗಾಜಿನ ತೊಟ್ಟಿ ಇರಲಿಲ್ಲ. “ಗಾಜೇ ಏಕೆ ಬೇಕು?” ಎಂದು ಹಿರಿಯರು ಅಡಿಗೆಮನೆಯ ಹಿಂದೆ ಕಣ್ಣಾಡಿಸಿದರು. ಬಟ್ಟೆ ನೆನೆಸಲೆಂದು ತಂದು ಇನ್ನೂ ಸೋಪಿನ ಮುಖ ಕಾಣದಿದ್ದ ಒಂದು ಪ್ಲಾಸ್ಟಿಕ್ ತೊಟ್ಟಿ ಅಲ್ಲಿತ್ತು. ನನ್ನ ಹೆಂಡತಿಯ ಮುಖ ಸಣ್ಣದಾದದ್ದನ್ನು ಅವರು ಗಮನಿಸಿದರೋ ಇಲ್ಲವೋ! ಅದರಲ್ಲಿ ಅಳೆದು ಮೂವತ್ತು ಲೀಟರು ನೀರು ತುಂಬಿದೆವು. ತಳದಲ್ಲಿ ಮರಳಿಲ್ಲ, ಗಿಡವಿಲ್ಲ, ಅಲಂಕಾರದ ಕೋಟೆಕೊತ್ತಲಗಳಿಲ್ಲ. ಮರಳು ಮದ್ದನ್ನು ಹೀರುತ್ತದೆ, ಪರೋಪಜೀವಿಗೆ ಅಡಗುತಾಣವಾಗುತ್ತದೆ. ಆದರೆ ಬರಿಯ ಬಯಲಿನಲ್ಲಿ ಮೀನು ಹೆದರಿ ಕಂಗೆಡುವುದರಿಂದ ಅವಿತುಕೊಳ್ಳಲು ಒಂದು ಮಣ್ಣಿನ ಹೂಕುಂಡವನ್ನೂ ಅಗಲವಾದ ಕೊಳವೆಯ ತುಂಡೊಂದನ್ನೂ ಇಟ್ಟೆವು. ಗಾಳಿಯ ಪಂಪಿಗೆ ಜೋಡಿಸಿದ ಸ್ಪಂಜಿನ ಶೋಧಕ, ಒಂದು ಹೀಟರು, ಒಂದು ಉಷ್ಣಮಾಪಕ. ಹೀಟರು ಪ್ಲಾಸ್ಟಿಕ್ಕಿಗೆ ತಾಗದಂತೆ ಕಟ್ಟಬೇಕು. ನೀರಿಗೆ ಕೈಯಿಡುವ ಮೊದಲು ಅದರ ಪ್ಲಗ್ಗನ್ನು ಕಿತ್ತಿರಬೇಕು. ಶೋಧಕದಲ್ಲಿ ಇದ್ದಿಲು ಇದ್ದರೆ ತೆಗೆದುಬಿಡಿ, ಅದು ಮದ್ದನ್ನೇ ಶೋಧಿಸಿಬಿಡುತ್ತದೆ.

ಮದ್ದು ಯಾವುದು? ಕಲ್ಲುಪ್ಪು. ಕೇಳಿ ನಾನೂ ನಕ್ಕೆ. ಆದರೆ ಸಿಹಿನೀರಿನ ಮೀನಿನ ದೇಹದ ರಸದಲ್ಲಿ ಹೊರಗಿನ ನೀರಿಗಿಂತ ಉಪ್ಪು ಹೆಚ್ಚು. ಆ ಕಾರಣ ನೀರು ಸದಾ ಒಳಕ್ಕೆ ಜಿನುಗುತ್ತಿರುತ್ತದೆ, ಮೂತ್ರಪಿಂಡಗಳು ಅದನ್ನು ಸದಾ ಹೊರಹಾಕುತ್ತಿರಬೇಕು. ನೂರು ಕಡೆ ಚರ್ಮ ತೂತಾದ ಮೀನಿಗೆ ಈ ಶ್ರಮ ಪ್ರಾಣಾಂತಿಕ. ಹೊರಗಿನ ನೀರಿಗೆ ಸ್ವಲ್ಪ ಉಪ್ಪು ಬೆರೆತರೆ ಆ ಭಾರ ಇಳಿಯುತ್ತದೆ, ಈಜುವ ಪರೋಪಜೀವಿಗಳಿಗೂ ಅದು ಹಿಡಿಸುವುದಿಲ್ಲ. ಮೊದಲ ದಿನ ಲೀಟರಿಗೆ ಒಂದು ಗ್ರಾಮಿನಂತೆ ಮೂವತ್ತು ಗ್ರಾಮು ಉಪ್ಪನ್ನು ನೀರಿನಲ್ಲಿ ಕರಗಿಸಿ ಮೂರು ಕಂತಾಗಿ ಹಾಕಿದೆವು, ಮರುದಿನ ಇನ್ನೂ ಮೂವತ್ತು. ಲೋಚ್ ಮೀನುಗಳು ನವಿರಾದ ಹುರುಪೆಯವು. ಉಪ್ಪನ್ನೂ ಬಣ್ಣದ ಮದ್ದುಗಳನ್ನೂ ಇತರ ಮೀನುಗಳಷ್ಟು ತಾಳವು. ಅದರಿಂದಾಗಿ ಅಲ್ಲಿಗೇ ನಿಲ್ಲಿಸಿದರು. ನೀರಿನ ಬಿಸುಪನ್ನು ಕೆಲವು ಗಂಟೆಗಳಿಗೆ ಒಂದು ಡಿಗ್ರಿಯಂತೆ ಏರಿಸುತ್ತ ಎರಡು ದಿನಗಳಲ್ಲಿ ೨೩ರಿಂದ ೨೯ಕ್ಕೆ ತಂದೆವು. ಸುಮಾರು ೩೦ ಡಿಗ್ರಿಯಲ್ಲಿ ಈ ಪರೋಪಜೀವಿಯ ವಂಶಾಭಿವೃದ್ಧಿ ಬಹುಮಟ್ಟಿಗೆ ನಿಂತುಹೋಗುತ್ತದೆ. ಆದರೆ ಬಿಸಿ ನೀರು ಆಮ್ಲಜನಕವನ್ನು ಕಡಿಮೆ ಹಿಡಿದಿಡುತ್ತದೆ: ೨೦ ಡಿಗ್ರಿಯಲ್ಲಿ ಲೀಟರಿಗೆ ಸುಮಾರು ೯ ಮಿಲಿಗ್ರಾಮಾದರೆ ೩೦ ಡಿಗ್ರಿಯಲ್ಲಿ ಏಳೂವರೆ ಮಾತ್ರ. ಗಾಳಿಯ ಪಂಪು ಒಂದು ಗಳಿಗೆಯೂ ನಿಲ್ಲಬಾರದು. ವಿದ್ಯುತ್ತು ಕೈಕೊಟ್ಟ ಒಂದು ರಾತ್ರಿ ನಾನೂ ಮಗಳೂ ಸರದಿಯ ಮೇಲೆ ಲೋಟದಿಂದ ನೀರನ್ನು ಎತ್ತಿ ಎತ್ತಿ ಹುಯ್ದೆವು.

ಹೊಸ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳಿಲ್ಲದುದರಿಂದ ಅಮೋನಿಯಾವನ್ನು ನಾವೇ ತೆಗೆಯಬೇಕು. ಪ್ರತಿದಿನ ತಳದ ಕಸದೊಡನೆ ಹತ್ತು ಲೀಟರು ನೀರು ಹೊರಕ್ಕೆ, ಹತ್ತು ಲೀಟರು ಹೊಸ ನೀರು ಒಳಕ್ಕೆ. ಇಲ್ಲಿ ಒಂದು ಲೆಕ್ಕವಿದೆ, ಹಲವರು ಎಡವುವುದು ಇಲ್ಲಿಯೇ. ಹೊರಹೋದ ಹತ್ತು ಲೀಟರಿನೊಡನೆ ಇಪ್ಪತ್ತು ಗ್ರಾಮು ಉಪ್ಪೂ ಹೋಯಿತು. ಹೊಸ ನೀರಿಗೆ ಅಷ್ಟನ್ನೇ ಸೇರಿಸಬೇಕು, ಇಡೀ ತೊಟ್ಟಿಯ ಅರವತ್ತು ಗ್ರಾಮನ್ನಲ್ಲ. ಆವಿಯಾಗಿ ಹೋದ ನೀರಿನೊಡನೆ ಮಾತ್ರ ಉಪ್ಪು ಹೋಗುವುದಿಲ್ಲ. ಅದರ ಬದಲಿಗೆ ಸಪ್ಪೆ ನೀರನ್ನೇ ತುಂಬಬೇಕು. ಈ ಲೆಕ್ಕವನ್ನು ಮಗಳು ತನ್ನ ನೋಟುಪುಸ್ತಕದಲ್ಲಿ ಬರೆದಿಟ್ಟಳು. ದಶಮಾಂಶದ ಗಣಿತಕ್ಕೆ ಅವಳು ಅಷ್ಟು ಶ್ರದ್ಧೆ ತೋರಿಸಿದ್ದನ್ನು ಅದಕ್ಕೆ ಮೊದಲು ನಾವು ಕಂಡಿರಲಿಲ್ಲ.

ಐದರಲ್ಲಿ ಎರಡು ಮೊದಲ ಎರಡು ರಾತ್ರಿಗಳಲ್ಲಿಯೇ ಹೋದುವು. ಉಳಿದವು ಮೂರು: ಒಂದು ಏಂಜಲ್, ಒಂದು ಲೋಚ್, ಮತ್ತು ಆ ಹಳೆಯ ಗೌರಾಮಿ. ಗೌರಾಮಿಗೆ ಕಿವಿರುಗಳ ಮೇಲ್ಗಡೆ ಸುರುಳಿಸುರುಳಿಯಾದ ಇನ್ನೊಂದು ಅಂಗವಿದ್ದು, ಅದರಿಂದ ಅದು ನೇರವಾಗಿ ಮೇಲಿನ ಗಾಳಿಯನ್ನು ನುಂಗಿ ಉಸಿರಾಡಬಲ್ಲುದು. ಕಿವಿರು ಕೆಟ್ಟಾಗ ಅದಕ್ಕೆ ಇದೇ ಆಧಾರವಾಗಿರಬೇಕು. ಇದರಿಂದ ಇನ್ನೊಂದು ವಿಷಯವೂ ತಿಳಿಯಿತು. ಗೌರಾಮಿಯೋ ಫೈಟರ್ ಮೀನೋ ಆಗಾಗ ಮೇಲೆ ಬಂದು ಗುಟುಕರಿಸಿದರೆ ಅದು ರೋಗಲಕ್ಷಣವಲ್ಲ, ಅದರ ಹುಟ್ಟುಗುಣ.

ಮೂರು ವಾರಗಳ ಕಾಲ ದೊಡ್ಡ ತೊಟ್ಟಿ ಮೀನಿಲ್ಲದೆ, ದೀಪ ಹೊತ್ತಿಕೊಂಡು, ನೀರು ಗುಳುಗುಳು ಎನ್ನುತ್ತ ನಡುಮನೆಯಲ್ಲಿ ನಿಂತಿತ್ತು. ಶೋಧಕದಲ್ಲಿ ಮತ್ತೆ ಬ್ಯಾಕ್ಟೀರಿಯಾಗಳು ಬೆಳೆದು ಹಸಿಯದಿರಲೆಂದು ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತಿದ್ದೆವು. ಬಂದ ಅತಿಥಿಗಳು ಬರಿಯ ನೀರಿಗೆ ಅನ್ನ ಹಾಕುವ ಮನೆಯವರನ್ನು ಕಂಡು ಏನೆಂದುಕೊಂಡರೋ!

ನಲವತ್ತು ದಿನಗಳ ಮಾತು

ಇಷ್ಟೆಲ್ಲ ಆದದ್ದು ಆ ಸೋಮವಾರ ಸಂಜೆ ನಾನು ಚೀಲವನ್ನು ನೇರವಾಗಿ ತೊಟ್ಟಿಗೆ ಸುರಿದದ್ದರಿಂದ. ಕ್ವಾರಂಟೀನ್ ಎಂಬ ಶಬ್ದವನ್ನು ೨೦೨೦ರಲ್ಲಿ ನಮ್ಮ ಮನೆಯ ಅಜ್ಜಿಯೂ ಕಲಿತರು. ಆಡ್ರಿಯಾಟಿಕ್ ಸಮುದ್ರದ ದಡದ ರಗೂಸಾ ಪಟ್ಟಣದವರು ೧೩೭೭ರಲ್ಲಿ, ಪ್ಲೇಗು ಇರುವ ಊರುಗಳಿಂದ ಬಂದವರು ಮೂವತ್ತು ದಿನ ಹೊರಗಿದ್ದು ಬರಬೇಕೆಂದು ವಿಧಿಸಿದರು. ಕಾಲಕ್ರಮದಲ್ಲಿ ಆ ಅವಧಿ ನಲವತ್ತು ದಿನವಾಗಿ, ನಲವತ್ತು ಎಂಬ ಅರ್ಥದ ಇಟಾಲಿಯನ್ ಮಾತಿನಿಂದಲೇ ಈ ಹೆಸರು ಬಂತು. ನಮ್ಮ ಬೆಂಗಳೂರಿಗೂ ೧೮೯೮ರಲ್ಲಿ ಪ್ಲೇಗು ಬಂದಾಗ ಜನ ಮನೆಗಳನ್ನು ತೊರೆದು ಬಯಲಿನ ಗುಡಿಸಲುಗಳಲ್ಲಿ ಕಾಲ ಕಳೆದ ಸಂಗತಿ ಹಳೆಯ ಕುಟುಂಬಗಳ ನೆನಪಿನಲ್ಲಿ ಬಹುಕಾಲ ಉಳಿದಿತ್ತು. ಮನುಷ್ಯರಿಗೆ ಒಪ್ಪಿಕೊಂಡ ನಿಯಮವನ್ನು ಮೀನಿಗೆ ಅನ್ವಯಿಸಲು ನಮಗೇಕೆ ಇಷ್ಟು ಬೇಸರವೋ ತಿಳಿಯದು.

ಅಂಗಡಿಯ ಮೀನು ನೋಡಲು ಚೆನ್ನಾಗಿಯೇ ಇತ್ತಲ್ಲ ಎಂದರೆ, ಇತ್ತು. ಆದರೆ ಪರೋಪಜೀವಿಗಳು ಕಣ್ಣಿಗೆ ಕಾಣದ ಕಿವಿರುಗಳಲ್ಲಿಯೂ ನೆಲಸುತ್ತವೆ. ಕ್ಲೌನ್ ಲೋಚ್ ಮೂಲತಃ ಬೋರ್ನಿಯೊ, ಸುಮಾತ್ರಾ ದ್ವೀಪಗಳ ನದಿಗಳ ಮೀನು. ನಮ್ಮ ಊರುಗಳಿಗೆ ಬರುವ ಇತರ ಅಲಂಕಾರದ ಮೀನುಗಳಲ್ಲಿ ಬಹುಪಾಲು ಚೆನ್ನೈಯ ಕೊಳತ್ತೂರಿನ ಕಡೆಯಿಂದ ಬರುತ್ತವೆ. ಸಾಕಿದವನ ಕೊಳ, ಸಗಟು ವ್ಯಾಪಾರಿಯ ತೊಟ್ಟಿ, ಅಂಗಡಿಯ ತೊಟ್ಟಿ, ಕೊನೆಗೆ ನಮ್ಮ ಮನೆ; ಕೆಲವೇ ದಿನಗಳಲ್ಲಿ ನಾಲ್ಕು ನೀರು ಕಂಡ ಜೀವದ ರೋಗನಿರೋಧಕ ಶಕ್ತಿ ಕುಗ್ಗದಿರುತ್ತದೆಯೆ? ಅಂದಹಾಗೆ, ಆ ಲೋಚ್ ಬೆಳೆದರೆ ಒಂದು ಅಡಿಯವರೆಗೂ ಆಗುತ್ತದೆಂಬುದನ್ನು ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಅದು ಈಗ ಹಿರಿಯರ ಮನೆಯ ದೊಡ್ಡ ತೊಟ್ಟಿಯಲ್ಲಿದೆ.

ಈಗ ನಮ್ಮಲ್ಲಿ ೪೫ ಸೆಂಟಿಮೀಟರು ಉದ್ದದ ಒಂದು ಚಿಕ್ಕ ಗಾಜಿನ ತೊಟ್ಟಿಯಿದೆ, ಇಪ್ಪತ್ತೈದು ಲೀಟರು ಹಿಡಿಯುತ್ತದೆ. ಅದು ವರ್ಷದಲ್ಲಿ ಹೆಚ್ಚುಕಾಲ ಒಣಗಿ ಅಟ್ಟದ ಮೇಲಿರುತ್ತದೆ. ಅದರ ಸ್ಪಂಜು ಮಾತ್ರ ಸದಾ ದೊಡ್ಡ ತೊಟ್ಟಿಯ ಮೂಲೆಯಲ್ಲಿ ನೆನೆಯುತ್ತ ಬ್ಯಾಕ್ಟೀರಿಯಾಗಳನ್ನು ಹೊತ್ತಿರುತ್ತದೆ. ಹೊಸ ಮೀನು ಬರುವ ದಿನ ಚಿಕ್ಕ ತೊಟ್ಟಿಗೆ ಹೋಗುತ್ತದೆ. ಸ್ಪಂಜಿನ ಪ್ರಯಾಣ ಒಮ್ಮುಖವಾದದ್ದು. ರೋಗ ಕಂಡ ತೊಟ್ಟಿಯಿಂದ ಅದು ಹಾಗೆಯೇ ಹಿಂದಿರುಗಕೂಡದು. ಚಿಕ್ಕ ತೊಟ್ಟಿಗೆ ಬೇರೆ ಬಲೆ, ಬೇರೆ ಕೊಳವೆ, ಬೇರೆ ಲೋಟ. ಅವುಗಳಿಗೆ ಮಗಳು ಕೆಂಪು ದಾರ ಕಟ್ಟಿದ್ದಾಳೆ. ಒದ್ದೆ ಬಲೆಯೊಂದು ಸಾಕು, ರೋಗ ನಡುಮನೆಯನ್ನು ದಾಟಲು. ಮೊದಲು ದೊಡ್ಡ ತೊಟ್ಟಿಯ ಕೆಲಸ ಮುಗಿಸಿ ಅನಂತರ ಚಿಕ್ಕದರ ಕಡೆಗೆ ಹೋಗುವುದು, ಕೈ ತೊಳೆಯುವುದು. ಕೈಯಲ್ಲಿ ಗಾಯವಿದ್ದರೆ ಎರಡಕ್ಕೂ ಇಳಿಸಬಾರದು. ಮೀನಿನ ತೊಟ್ಟಿಯ ನೀರಿನಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಮನುಷ್ಯರ ಚರ್ಮದಲ್ಲಿ ತಿಂಗಳುಗಟ್ಟಲೆ ಮಾಯದ ಗಂಟುಗಳನ್ನು ಉಂಟುಮಾಡಬಲ್ಲುದು.

ಹೊಸ ಮೀನು ಬಂದಾಗ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ಆಮೇಲೆ ಸ್ವಲ್ಪಸ್ವಲ್ಪವಾಗಿ ತೊಟ್ಟಿಯ ನೀರನ್ನು ಚೀಲಕ್ಕೆ ಬೆರೆಸಿ, ಬಲೆಯಿಂದ ಮೀನನ್ನು ಮಾತ್ರ ಎತ್ತಿ ಬಿಡಬೇಕು. ಚೀಲದ ನೀರು ಚರಂಡಿಗೆ. ಆ ಮೇಲೆ ನಾಲ್ಕು ವಾರ ನೋಡುತ್ತಿರುವುದು. ಮುನ್ನೆಚ್ಚರಿಕೆಯೆಂದು ಬಂದ ದಿನವೇ ಮದ್ದು ಹಾಕುವವರುಂಟು. ನನಗೆ ಅದು ಒಪ್ಪಿಗೆಯಿಲ್ಲ. ದಣಿದು ಬಂದವನಿಗೆ ಮೊದಲು ಬೇಕಾದುದು ಮಬ್ಬು ಬೆಳಕು, ಶುದ್ಧ ನೀರು, ಮಿತವಾದ ಆಹಾರ. ರೆಕ್ಕೆಗಳನ್ನು ಮುಚ್ಚಿಕೊಂಡಿದೆಯೆ, ಕಲ್ಲಿಗೆ ಮೈ ಉಜ್ಜುತ್ತಿದೆಯೆ, ಉಣ್ಣುತ್ತಿದೆಯೆ, ಕಿವಿರಿನ ಬಡಿತ ನಿನ್ನೆಗಿಂತ ಹೆಚ್ಚಿದೆಯೆ, ಇವನ್ನು ನೋಡಿದರಾಯಿತು. ಮಗಳು ಗಡಿಯಾರ ಹಿಡಿದು ನಿಮಿಷಕ್ಕೆಷ್ಟೆಂದು ಎಣಿಸುತ್ತಾಳೆ.

ಎಲ್ಲ ಬಿಳುಪೂ ಒಂದೇ ಅಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಕೈದೀಪವನ್ನು ಪಕ್ಕದಿಂದ ಹಿಡಿದಾಗ ಚಿನ್ನದ ಪುಡಿ ಎರಚಿದಂತೆ ಹೊಳೆದರೆ ಅದು ವೆಲ್ವೆಟ್ ಎಂಬ ಬೇರೆ ಪರೋಪಜೀವಿ. ಗಾಯದ ಮೇಲೆ ಉದ್ದನೆಯ ನೂಲಿನಂತೆ ಬೆಳೆದದ್ದು ನಿಜವಾದ ಬೂಷ್ಟು. ಬಾಯಿಯ ಸುತ್ತ ಹತ್ತಿ ಅಂಟಿದಂತೆ ಕಾಣುವುದು ಬೂಷ್ಟಲ್ಲ, ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾದ ರೋಗ. ಬಿಸುಪು ಹೆಚ್ಚಿದಷ್ಟೂ ಅದು ಉಲ್ಬಣಿಸುತ್ತದೆ. ಬಿಳಿ ಕಂಡಲ್ಲೆಲ್ಲ ಹೀಟರನ್ನು ಏರಿಸುವ ಸಲಹೆಗಾರರಿಂದ ದೂರವಿರಿ. ರೆಕ್ಕೆ ಕೊಳೆತ ಅಥವಾ ಜೊತೆಯವು ಕಚ್ಚಿ ಗಾಯಗೊಳಿಸಿದ ಒಂಟಿ ಮೀನನ್ನು ಮಾತ್ರ ಚಿಕ್ಕ ತೊಟ್ಟಿಗೆ ಸಾಗಿಸಿದರೆ ಸಾಕು. ಹೊಟ್ಟೆ ಉಬ್ಬಿ ಹುರುಪೆಗಳೆಲ್ಲ ನಿಮಿರಿ ನಿಂತ ಮೀನು ಬದುಕುವುದು ಅಪರೂಪ, ಒಳಗಿನ ಮೂತ್ರಪಿಂಡಗಳೇ ಸೋತಿರುತ್ತವೆ. ಆಂಟಿಬಯಾಟಿಕ್ ಮಾತ್ರೆಗಳನ್ನು ಮನೆಯ ಔಷಧದ ಡಬ್ಬಿಯಿಂದ ತೆಗೆದು ಪುಡಿಮಾಡಿ ಹಾಕುವ ಪದ್ಧತಿ ಸರ್ವಥಾ ಕೂಡದು, ಪಶುವೈದ್ಯರನ್ನು ಕೇಳಿ. ಹಸಿರು ಸೀಸೆಯ ಮ್ಯಾಲಕೈಟ್ ಗ್ರೀನ್ ಕ್ಯಾನ್ಸರಿಗೆ ಕಾರಣವಾಗಬಹುದೆಂಬ ಶಂಕೆಯಿಂದಾಗಿ ತಿನ್ನುವ ಮೀನುಗಳಿಗೆ ಬಳಸಬಾರದ ವಸ್ತು. ಅದನ್ನು ಕೈಚೀಲ ತೊಡದೆ ಮುಟ್ಟಬೇಡಿ, ಮಕ್ಕಳ ಕೈಗೆ ಎಟುಕದಂತೆ ಇಡಿ. ಸಾಕಲಾಗದ ಮೀನನ್ನು ಕನಿಕರದಿಂದ ಕೆರೆಗೆ ಬಿಡುವವರೂ ಉಂಟು. ಅಲ್ಲಿಯ ಮೀನುಗಳಿಗೆ ಅದು ಕನಿಕರವಲ್ಲ. ತೊಟ್ಟಿಯ ಗಾಜು ಶುಚಿಮಾಡಲೆಂದು ತಂದ ಸಕ್ಕರ್ ಮೀನು ನಮ್ಮ ದೇಶದ ಅನೇಕ ಕೆರೆಗಳಲ್ಲಿ ಈಗ ಪೀಡೆಯಾಗಿದೆ.

ಕಳೆದ ವರ್ಷ ಆರು ಹೊಸ ಟೆಟ್ರಾಗಳನ್ನು ತಂದೆವು. ಹಣ ಮಗಳದೇ, ಎರಡು ಹುಟ್ಟುಹಬ್ಬಗಳ ಕಾಲ ಅವಳು ಮೀನಿನಂಗಡಿಯ ಕಡೆ ತಿರುಗಿಯೂ ನೋಡಿರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತ ಹೋದಳು. ಹದಿನೇಳನೆಯ ದಿನ ಶಾಲೆಗೆ ಹೊರಟವಳು ಚೀಲ ಹೆಗಲಿಗೇರಿಸಿಕೊಂಡೇ ನನ್ನನ್ನು ಕರೆದಳು. ಒಂದು ಟೆಟ್ರಾದ ಬೆನ್ನಿನ ರೆಕ್ಕೆಯ ತುದಿಯಲ್ಲಿ ಒಂದೇ ಒಂದು ರವೆ. ದೊಡ್ಡ ತೊಟ್ಟಿಯಲ್ಲಿ ಗೌರಾಮಿಯೂ ಏಂಜಲ್ಲೂ ಏನೂ ಅರಿಯದೆ ಬೆಳಗಿನ ಆಹಾರಕ್ಕೆ ಕಾದಿದ್ದುವು.

ಉಪ್ಪನ್ನು ಅವಳೇ ತೂಗಿದಳು. ಇಪ್ಪತ್ತೈದು ಲೀಟರಿಗೆ ಮೊದಲ ಕಂತು ಇಪ್ಪತ್ತೈದು ಗ್ರಾಮು. ಸಂಜೆ ಬಂದವಳೇ ಕ್ಯಾಲೆಂಡರಿನ ಹದಿನೇಳು ಗೀಟುಗಳನ್ನೂ ರಬ್ಬರಿನಿಂದ ಅಳಿಸಿ, ಆ ದಿನದ ಮನೆಯಲ್ಲಿ ‘೧’ ಎಂದು ಬರೆದಳು.